ಆಘಾತ ಹೊತ್ತು ಬಂದವರ ಎದುರು ಕೂರುವ ಮೊದಲು: ಟ್ರೇನಿ ಆಪ್ತಸಮಾಲೋಚಕರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರಾಕ್ಟಿಕಮ್ (ಓದಿನ ಭಾಗವಾಗಿ ನಿಜವಾದ ಕ್ಲೈಂಟ್‌ಗಳನ್ನು ನೋಡುವ ತರಬೇತಿ) ಶುರುವಾಗುವ ತಿಂಗಳು ಬಂತು ಅಂದರೆ ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ‘ಕ್ಲೈಂಟ್ ಇದ್ದಕ್ಕಿದ್ದಂತೆ ಅಳೋಕೆ ಶುರು ಮಾಡಿದರೆ ಏನು ಮಾಡಲಿ?’ ‘ಏನಾಯ್ತು ಅಂತ ಪೂರ್ತಿ ಕೇಳಬೇಕಾ, ಬೇಡವಾ?’ ‘ನಾನು ಇನ್ನೂ ಕಲಿಯುತ್ತಿರುವವಳು, ನನ್ನಿಂದ ಅವರ ನೋವು ಜಾಸ್ತಿ ಆಗಿಬಿಟ್ಟರೆ?’ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನೂ ಟ್ರೇನಿಯೇ. ಸೂಪರ್‌ವೈಸರ್ ಮೇಲ್ವಿಚಾರಣೆಯಲ್ಲಿ ಕ್ಲೈಂಟ್‌ಗಳನ್ನು ನೋಡಲು ಶುರು ಮಾಡಿ ಎರಡು ವರ್ಷ ಆಗುತ್ತಾ ಬಂತು. ಹಾಗಾಗಿ ಇದು ಆಘಾತಕ್ಕೆ ಚಿಕಿತ್ಸೆ ಕೊಡುವುದು ಹೇಗೆ ಅನ್ನುವ ಪಾಠ ಅಲ್ಲ. ಅದಕ್ಕೆ ಬೇರೆ ತರಬೇತಿ ಬೇಕು. ಟ್ರೇನಿಯಾಗಿ ನಾವು ಏನು ಮಾಡಬಹುದು, ಎಲ್ಲಿ ನಿಲ್ಲಬೇಕು ಅನ್ನುವುದಷ್ಟೇ ಇಲ್ಲಿದೆ. ಉದಾಹರಣೆಗಳು ಯಾರೊಬ್ಬರ ಕಥೆಯೂ ಅಲ್ಲ, ವಿಷಯ ಅರ್ಥವಾಗಲಿ ಅಂತ ನಾನೇ ಕಟ್ಟಿದವು.

ಮಾನಸಿಕ ಆಘಾತ, ಅಂದರೆ ನಾವೆಲ್ಲ ಟ್ರಾಮಾ ಅನ್ನುತ್ತೇವಲ್ಲ, ಅದು ಘಟನೆಯ ಹೆಸರಲ್ಲ. ಅಪಘಾತ, ಲೈಂಗಿಕ ಹಿಂಸೆ, ಗಂಡನ ಹೊಡೆತ, ಮನೆ ಕೊಚ್ಚಿಕೊಂಡು ಹೋದ ಪ್ರವಾಹ, ಇವೆಲ್ಲ ಮುಗಿದ ಮೇಲೂ ಮೈಗೆ ಮತ್ತು ಮನಸ್ಸಿಗೆ ಅದು ಮುಗಿಯದೆ ಉಳಿದುಬಿಡುವುದು. ಒಂದೇ ಬಸ್ ಅಪಘಾತದಲ್ಲಿದ್ದ ಇಬ್ಬರಲ್ಲಿ ಒಬ್ಬರು ಮೂರು ವಾರದಲ್ಲಿ ಸರಿಹೋಗಬಹುದು, ಇನ್ನೊಬ್ಬರು ಮೂರು ವರ್ಷವಾದರೂ ಬಸ್ ಹತ್ತದೆ ಇರಬಹುದು. ಇಬ್ಬರೂ ಗಟ್ಟಿಗರೇ.

ಶುರು ಮಾಡುವ ಮೊದಲು ನಿಮ್ಮ ಹತ್ತಿರ ಇರಲೇಬೇಕಾದ್ದು ಮೂರು. ವಾರಕ್ಕೊಮ್ಮೆಯಾದರೂ ಕೂತು ಮಾತಾಡುವ, ತುರ್ತು ಬಂದರೆ ಫೋನ್ ಎತ್ತುವ ಸೂಪರ್‌ವೈಸರ್. ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ. ಮತ್ತು ಒಂದೇ ಹಾಳೆಯಲ್ಲಿ ಬರೆದಿಟ್ಟ ನಂಬರ್‌ಗಳು: ಟೆಲಿ ಮಾನಸ್ 14416 (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ), ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಹತ್ತಿರದ ಮನೋವೈದ್ಯ ವಿಭಾಗದ ಹೊರರೋಗಿ ಸಮಯ. ಈ ಮೂರರಲ್ಲಿ ಸೂಪರ್‌ವೈಸರ್ ಇಲ್ಲ ಅಂದರೆ ಆಘಾತದ ಕೇಸ್ ತೆಗೆದುಕೊಳ್ಳಬೇಡಿ. ಸಂಸ್ಥೆಯವರು ‘ಪರವಾಗಿಲ್ಲ ನೋಡಿ’ ಅಂದರೂ ಬೇಡ.

1. ಕೋಣೆ ಸರಿ ಮಾಡಿಕೊಳ್ಳಿ

ಇದನ್ನು ಯಾರೂ ಕ್ಲಾಸಿನಲ್ಲಿ ಜಾಸ್ತಿ ಹೇಳುವುದಿಲ್ಲ. ಕ್ಲೈಂಟ್ ಬರುವ ಹತ್ತು ನಿಮಿಷ ಮೊದಲು ಅವರ ಕುರ್ಚಿಯಲ್ಲಿ ನೀವೇ ಒಂದು ಸಲ ಕೂತು ನೋಡಿ. ಬಾಗಿಲು ಕಾಣುತ್ತಾ? ಬೆನ್ನ ಹಿಂದೆ ಯಾರಾದರೂ ಓಡಾಡುತ್ತಾರಾ? ಎದ್ದು ಹೊರಗೆ ಹೋಗಬೇಕು ಅನಿಸಿದರೆ ನಿಮ್ಮ ಕುರ್ಚಿ ದಾಟಿಕೊಂಡು ಹೋಗಬೇಕಾ? ಹಾಗಿದ್ದರೆ ಕುರ್ಚಿ ಸರಿಸಿ. ಹೆದರಿದ ಜೀವ ಮೊದಲು ಹುಡುಕುವುದೇ ಬಾಗಿಲು. ‘ಎಲ್ಲಿ ಕೂತರೆ ನಿಮಗೆ ಆರಾಮ?’ ಅಂತ ಕೇಳಿ, ಅವರು ಆರಿಸಲಿ. ತನ್ನ ಇಷ್ಟಕ್ಕೆ ಬೆಲೆಯೇ ಇಲ್ಲದ ಜಾಗದಲ್ಲಿ ಇದ್ದು ಬಂದವರಿಗೆ ಕುರ್ಚಿ ಆರಿಸುವುದೂ ಸಣ್ಣ ವಿಷಯ ಅಲ್ಲ.

ಫೈಲ್ ಬೇಕು ಅಂತ ಯಾರಾದರೂ ದಡಕ್ಕನೆ ಬಾಗಿಲು ತಳ್ಳಿಕೊಂಡು ಬರುವುದು ನಮ್ಮ ಎಷ್ಟೋ ಕೇಂದ್ರಗಳಲ್ಲಿ ದಿನಾ ನಡೆಯುವುದೇ. ‘ಒಳಗೆ ಮಾತುಕತೆ ನಡೆಯುತ್ತಿದೆ, ದಯವಿಟ್ಟು ಬರಬೇಡಿ’ ಅಂತ ಹಾಳೆ ಅಂಟಿಸಿ, ಆಯಾಗೆ ಬಾಯಲ್ಲೂ ಹೇಳಿಡಿ. ಒಳಗಿನ ಮಾತು ಹೊರಗಿನ ಬೆಂಚಿಗೆ ಕೇಳಿಸುತ್ತಾ ಅಂತಲೂ ಪರೀಕ್ಷೆ ಮಾಡಿ. ಕೇಳಿಸುತ್ತದೆ ಅಂದರೆ ಫ್ಯಾನ್ ಜೋರು ಮಾಡಿದರೂ ಸ್ವಲ್ಪ ಉಪಯೋಗ.

2. ಮೊದಲ ದಿನವೇ ಎಲ್ಲವನ್ನೂ ಬಿಚ್ಚಿ ಹೇಳಿ

ಕ್ಲೈಂಟ್ ನಿಮ್ಮನ್ನು ‘ಡಾಕ್ಟ್ರೇ’ ಅಂತಾರೆ. ‘ಮೇಡಂ, ನೀವು ಒಂದು ಮಾತ್ರೆ ಬರೆದುಕೊಡಿ’ ಅಂತಲೂ ಕೇಳುತ್ತಾರೆ. ಅಲ್ಲೇ ತಿದ್ದಿ. ‘ನಾನು ಡಾಕ್ಟರ್ ಅಲ್ಲ ಅಮ್ಮ, ಆಪ್ತಸಮಾಲೋಚನೆ ಕಲಿಯುತ್ತಿದ್ದೇನೆ. ನನ್ನ ಹಿಂದೆ ಅನುಭವ ಇರುವ ಒಬ್ಬರು ಇದ್ದಾರೆ. ನೀವು ಹೇಳಿದ್ದನ್ನು ಅವರ ಹತ್ತಿರ ಚರ್ಚೆ ಮಾಡುತ್ತೇನೆ, ನಿಮಗೆ ಒಪ್ಪಿಗೆನಾ?’ ಟ್ರೇನಿ ಅಂತ ಹೇಳಿದರೆ ನಂಬಿಕೆ ಹೋಗುತ್ತದೆ ಅನ್ನುವ ಭಯ ಬೇಡ. ಮುಚ್ಚಿಟ್ಟು ಆಮೇಲೆ ಗೊತ್ತಾದಾಗ ಹೋಗುವ ನಂಬಿಕೆಯೇ ದೊಡ್ಡದು.

ಆಮೇಲೆ ಗೌಪ್ಯತೆ, ಅಂದರೆ ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ ಅನ್ನುವ ಭರವಸೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇದು ಅವರ ಹಕ್ಕು. ಆದರೆ ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಅಂತ ಮಾತ್ರ ಹೇಳಬೇಡಿ. ಅವರ ಜೀವಕ್ಕೆ ಅಪಾಯ ಇದ್ದರೆ, ಅವರಿಂದ ಬೇರೆಯವರಿಗೆ ಅಪಾಯ ಇದ್ದರೆ, 18 ವರ್ಷದ ಒಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ, ಕೋರ್ಟ್ ಕೇಳಿದರೆ ಹೇಳಬೇಕಾಗಬಹುದು. ಮಗುವಿನ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಇದನ್ನು ಅವರು ಬಾಯಿ ಬಿಟ್ಟ ಮೇಲೆ ಹೇಳಿದರೆ ಮೋಸ ಮಾಡಿದ ಹಾಗೆ. ಮೊದಲೇ ಹೇಳಿದರೆ ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ಅವರೇ ನಿರ್ಧಾರ ಮಾಡುತ್ತಾರೆ. ಇಂಥದ್ದು ಬಂತು ಅಂದರೆ ಅದೇ ದಿನ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಒಬ್ಬರೇ ಕೂತು ಯೋಚಿಸಬೇಡಿ.

ನಮ್ಮ ಕಡೆ ಕ್ಲೈಂಟ್ ಒಬ್ಬರೇ ಬರುವುದು ಕಡಿಮೆ. ಅಮ್ಮ, ಗಂಡ, ಅತ್ತೆ, ಚಿಕ್ಕಪ್ಪ, ಯಾರಾದರೂ ಜೊತೆಗೆ ಬಂದಿರುತ್ತಾರೆ, ನೀವು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಡುತ್ತಾರೆ. ‘ನೀವು ಹೊರಗಿರಿ’ ಅಂದರೆ ಮುಖ ಕೆಡುತ್ತದೆ, ಅದರ ಬಿಸಿ ಮನೆಗೆ ಹೋದ ಮೇಲೆ ಕ್ಲೈಂಟ್‌ಗೇ ತಟ್ಟುವುದು. ನಾನು ಹೀಗೆ ಹೇಳುತ್ತೇನೆ: ‘ಇಲ್ಲಿಯ ನಿಯಮ ಎಲ್ಲರಿಗೂ ಒಂದೇ. ಮೊದಲು ಹತ್ತು ನಿಮಿಷ ಎಲ್ಲರೂ ಸೇರಿ ಮಾತಾಡೋಣ, ಆಮೇಲೆ ಅವರ ಜೊತೆ ಒಬ್ಬರೇ, ಕೊನೆಗೆ ನಿಮ್ಮ ಜೊತೆಗೂ ಐದು ನಿಮಿಷ.’ ನಿಯಮ ಅಂದ ತಕ್ಷಣ ಒಪ್ಪಿಕೊಳ್ಳುತ್ತಾರೆ. ಆ ಐದು ನಿಮಿಷದಲ್ಲಿ ಕ್ಲೈಂಟ್ ಒಳಗೆ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೊರಗೆ ಬರಬಾರದು.

ನಿಮ್ಮ ಪ್ಲೇಸ್‌ಮೆಂಟ್, ಅಂದರೆ ಈ ಕೇಂದ್ರದಲ್ಲಿ ನಿಮ್ಮ ತರಬೇತಿಯ ಅವಧಿ, ಯಾವ ತಿಂಗಳು ಮುಗಿಯುತ್ತದೆ ಅನ್ನುವುದನ್ನೂ ಇವತ್ತೇ ಹೇಳಿ. ಯಾಕೆ ಅಂತ ಕೊನೆಯ ಹಂತದಲ್ಲಿ ಬರೆದಿದ್ದೇನೆ.

3. ಇವತ್ತು ರಾತ್ರಿ ಅವರು ಕ್ಷೇಮವಾಗಿರುತ್ತಾರಾ?

ಹಿಂದೆ ಏನಾಯ್ತು ಅನ್ನುವುದಕ್ಕಿಂತ ಮೊದಲು ಈ ಪ್ರಶ್ನೆ. ಎಷ್ಟೋ ಸಲ ಹಿಂಸೆ ‘ಹಿಂದೆ’ ಆಗಿರುವುದೇ ಇಲ್ಲ. ಹೊಡೆಯುವ ಗಂಡನ ಮನೆಗೇ ಅವರು ಸಂಜೆ ವಾಪಸ್ ಹೋಗಬೇಕಾಗಿರುತ್ತದೆ. ಅಂಥವರಿಗೆ ಉಸಿರಾಟದ ವ್ಯಾಯಾಮ ಕಲಿಸಿ ಕಳಿಸುವುದರಿಂದ ಆಗುವುದು ಕಡಿಮೆ. ಅವರಿಗೆ ಬೇಕಾಗಿರುವುದು 181, ಸಖಿ ಒನ್ ಸ್ಟಾಪ್ ಕೇಂದ್ರ (ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ಸರ್ಕಾರದ ಸಹಾಯ ಕೇಂದ್ರ), 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣೆ ಇದೆ ಅನ್ನುವ ಮಾಹಿತಿ, ರಾತ್ರಿ ಹೊತ್ತು ಬಾಗಿಲು ತೆರೆಯುವ ಒಂದು ಪಕ್ಕದ ಮನೆ. ಬಿಟ್ಟು ಬನ್ನಿ ಅಂತ ನೀವು ಹೇಳಬೇಡಿ. ಬಿಟ್ಟು ಬರುವ ಸಮಯವೇ ಅಪಾಯದ ಸಮಯ, ಅದನ್ನು ಅವರು ಯೋಚಿಸಿ, ತಯಾರಾಗಿ ಮಾಡಬೇಕು. ಫೋನ್ ಯಾರ ಕೈಯಲ್ಲಿರುತ್ತದೆ ಅಂತ ಕೇಳಿಕೊಳ್ಳಿ. ‘ನಾಳೆ ಕೌನ್ಸೆಲಿಂಗ್ ಇದೆ’ ಅಂತ ನೀವು ಕಳಿಸಿದ ಒಂದು ವಾಟ್ಸಾಪ್ ಮೆಸೇಜ್ ಮನೆಯಲ್ಲಿ ಯಾರು ಓದುತ್ತಾರೆ ಅನ್ನುವುದು ನಿಮಗೆ ಗೊತ್ತಿರಬೇಕು.

ಇನ್ನೊಂದು, ಸಾವಿನ ಯೋಚನೆ. ನೇರವಾಗಿ ಕೇಳಿ: ‘ಇಷ್ಟೆಲ್ಲ ಅನುಭವಿಸಿದವರಿಗೆ ಕೆಲವು ಸಲ ಸಾಯಬೇಕು ಅನಿಸುತ್ತದೆ. ನಿಮಗೆ ಹಾಗೆ ಅನಿಸಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ಅದು ತಪ್ಪು. ‘ತಪ್ಪು ಯೋಚನೆ ಏನೂ ಇಲ್ಲ ತಾನೇ?’ ಅಂತ ಕೇಳಿದರೆ ಮಾತ್ರ ‘ಇಲ್ಲ’ ಅನ್ನುವ ಉತ್ತರವೇ ಬರುತ್ತದೆ, ಯಾಕೆಂದರೆ ನೀವೇ ಅದನ್ನು ತಪ್ಪು ಅಂದುಬಿಟ್ಟಿರಿ. ಹೌದು ಅಂದರೆ ಯಾವಾಗ, ಹೇಗೆ ಅಂತ ಯೋಚಿಸಿದ್ದಾರಾ, ಅದಕ್ಕೆ ಬೇಕಾದ್ದು ಮನೆಯಲ್ಲಿದೆಯಾ ಕೇಳಿ. ಹಳ್ಳಿ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಕೈಗೆ ಸಿಗುವ ಹಾಗೆ ಇರುತ್ತದೆ, ಅದನ್ನು ಬೇರೆ ಕಡೆ ಬೀಗ ಹಾಕಿ ಇಡಿಸುವುದೂ ಚಿಕಿತ್ಸೆಯ ಭಾಗವೇ. ‘ಹಿಂದೆ ಒಂದು ಸಲ ಪ್ರಯತ್ನ ಮಾಡಿದ್ದೆ, ಹೇಳಿದರೆ ಪೊಲೀಸ್ ಕೇಸ್ ಆಗುತ್ತಾ?’ ಅಂತ ಹೆದರುವವರಿದ್ದಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಅವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸುವ ಹಾಗಿಲ್ಲ. ಅದನ್ನು ಹೇಳಿ.

ಸುರಕ್ಷತೆಯ ಯೋಜನೆಯನ್ನು ಅವರ ಕೈಯಲ್ಲೇ, ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆಸಿ: ಕೆಟ್ಟ ಗಳಿಗೆ ಬರುತ್ತಿದೆ ಅಂತ ನನಗೆ ಹೇಗೆ ಗೊತ್ತಾಗುತ್ತದೆ, ಆಗ ಒಬ್ಬಳೇ ಇದ್ದರೆ ಏನು ಮಾಡುತ್ತೇನೆ, ಯಾರ ಮನೆಗೆ ಹೋಗುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ. ಓದು ಬರಹ ಬಾರದವರಾದರೆ ನಂಬರ್‌ಗಳ ಮುಂದೆ ಚಿತ್ರ ಬರೆದುಕೊಡಿ. ಯೋಜನೆ, ದಿನ, ಸಾಧನ ಎಲ್ಲ ತಯಾರಿದೆ ಅಂತಾದರೆ ಅವರನ್ನು ಒಬ್ಬರೇ ಬಿಡಬೇಡಿ. ಸೂಪರ್‌ವೈಸರ್, ಮನೆಯವರು, ಆಸ್ಪತ್ರೆ, ಅದೇ ಹೊತ್ತಿಗೆ.

4. ತಲೆಬರಹ ಸಾಕು, ಪೂರ್ತಿ ಸುದ್ದಿ ಬೇಡ

ಟ್ರೇನಿಗಳು ಎಡವುವುದು ಇಲ್ಲೇ. ನಾನೂ ಎಡವಿದೆ. ನನ್ನ ಮೊದಲ ತಿಂಗಳುಗಳಲ್ಲಿ ಒಬ್ಬರು ಬಾಲ್ಯದ ವಿಷಯ ತೆಗೆದಾಗ ‘ಆಮೇಲೆ? ಆಮೇಲೆ?’ ಅಂತ ಕೇಳುತ್ತಾ ಹೋದೆ. ಅವರು ಎಲ್ಲ ಹೇಳಿದರು. ಒಳ್ಳೆಯ ಸೆಷನ್ ಆಯ್ತು ಅಂದುಕೊಂಡೆ. ಅವರು ಮತ್ತೆ ಬರಲಿಲ್ಲ.

‘ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಡಿ, ಹಗುರ ಆಗುತ್ತದೆ’ ಅನ್ನುವುದು ದಿನನಿತ್ಯದ ಬೇಸರಕ್ಕೆ ಸರಿ. ಆಘಾತದ ನೆನಪು ಬೇರೆ ಥರ. ಅದನ್ನು ಹೇಳುವಾಗ ಮೈಗೆ ಅದು ಹಳೆಯದು ಅಂತ ಗೊತ್ತಾಗುವುದಿಲ್ಲ, ಈಗಲೇ ನಡೆಯುತ್ತಿದೆ ಅನ್ನುವ ಹಾಗೆ ಎದೆ ಹೊಡೆದುಕೊಳ್ಳುತ್ತದೆ. ಹೊರಗೆ ತೆಗೆದದ್ದನ್ನು ಮತ್ತೆ ಒಳಗಿಡಲು ಅವರಿಗೆ ಶಕ್ತಿ ಇಲ್ಲ, ನಿಮಗೆ ತರಬೇತಿ ಇಲ್ಲ. ಘಟನೆಯಾದ ಕೂಡಲೇ ಜನರನ್ನು ಕೂರಿಸಿ ಎಲ್ಲವನ್ನೂ ಹೇಳಿಸುವ ಡೆಬ್ರೀಫಿಂಗ್ ಅನ್ನುವ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹೊಸದಾಗಿ ಆದ ಘಟನೆಗೆ ಅವರು ಹೇಳುವುದು ಮಾನಸಿಕ ಪ್ರಥಮ ಚಿಕಿತ್ಸೆ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ಕಡೆಗೆ ಜೋಡಿಸಿ. ನೀರು, ಊಟ, ಮನೆಯವರ ಸಂಪರ್ಕ, ಇರುವುದಕ್ಕೆ ಜಾಗ.

ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಚೇತರಿಕೆಯನ್ನು ಮೂರು ಹಂತವಾಗಿ ವಿವರಿಸಿದರು. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಆಮೇಲೆ ಬದುಕಿನ ಜೊತೆ ಮತ್ತೆ ಬೆಸೆದುಕೊಳ್ಳುವುದು. ಎಲ್ಲರಿಗೂ ಇದೇ ಸಾಲಿನಲ್ಲಿ ನಡೆಯುವುದಿಲ್ಲ, ಹಿಂದೆ ಮುಂದೆ ಆಗುತ್ತದೆ. ಆದರೂ ನನ್ನ ಅಭಿಪ್ರಾಯ ಗಟ್ಟಿ: ಟ್ರೇನಿಯ ಜಾಗ ಮೊದಲ ಹಂತ. ಅಲ್ಲೇ ಆರು ತಿಂಗಳು ಕಳೆದರೂ ಅದು ಪೂರ್ತಿ ಕೆಲಸವೇ.

ಹಾಗಾದರೆ ಅವರು ಹೇಳಲು ಶುರು ಮಾಡಿದರೆ? ಬಾಯಿ ಮುಚ್ಚಿಸಬೇಡಿ. ‘ಇದನ್ನು ಇವರ ಹತ್ತಿರವೂ ಹೇಳುವ ಹಾಗಿಲ್ಲ’ ಅಂತ ಅನಿಸಿಬಿಟ್ಟರೆ ಅದು ಇನ್ನೊಂದು ಪೆಟ್ಟು. ನಿಧಾನ ಮಾಡಿಸಿ. ‘ನೀವು ಹೇಳುತ್ತಿರುವುದು ತುಂಬಾ ದೊಡ್ಡ ವಿಷಯ. ನನಗೆ ಕೇಳಬೇಕು. ಒಂದೇ ಸಲಕ್ಕೆ ಎಲ್ಲ ಬೇಡ, ನಿಮಗೆ ಆಮೇಲೆ ಭಾರ ಆಗಬಾರದು. ಈಗ ಹೇಳುವಾಗ ಮೈಯಲ್ಲಿ ಏನಾಗುತ್ತಿದೆ?’ ಇಷ್ಟು ಹೇಳಿದರೆ ಮಾತು ನೆನಪಿನಿಂದ ಈ ಕೋಣೆಗೆ ಬರುತ್ತದೆ. ‘ಚಿಕ್ಕವಳಿದ್ದಾಗ ಸಂಬಂಧಿಯೊಬ್ಬರಿಂದ’ ಅನ್ನುವಷ್ಟು ಗೊತ್ತಾದರೆ ಸದ್ಯಕ್ಕೆ ನಿಮ್ಮ ಕೆಲಸಕ್ಕೆ ಸಾಕು. ಎಲ್ಲಿ, ಹೇಗೆ, ಎಷ್ಟು ಸಲ ಅನ್ನುವುದು ನಿಮ್ಮ ಕುತೂಹಲಕ್ಕೆ ಬೇಕಾದದ್ದಾ, ಅವರಿಗೆ ಬೇಕಾದದ್ದಾ ಅಂತ ಪ್ರತಿ ಪ್ರಶ್ನೆಗೂ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

5. ಮೈ ಮಾತಾಡುವ ಕನ್ನಡ ಕೇಳಿಸಿಕೊಳ್ಳಿ

‘ನನಗೆ ಟ್ರಾಮಾ ಆಗಿದೆ’ ಅಂತ ಹೇಳಿಕೊಂಡು ಬರುವವರು ಕಡಿಮೆ. ‘ಎದೆ ಡವಡವ ಅನ್ನುತ್ತೆ’, ‘ತಲೆ ಭಾರ’, ‘ಕೈಕಾಲು ಜೋಮು ಹಿಡಿಯುತ್ತೆ’, ‘ಹೊಟ್ಟೆಯಲ್ಲಿ ಸಂಕಟ’, ‘ನಿದ್ದೆಯಲ್ಲಿ ಬೆಚ್ಚಿ ಬೀಳ್ತೀನಿ’, ‘ಮನೆಯಲ್ಲಿ ಇದ್ದೂ ಇಲ್ಲದ ಹಾಗೆ’. ಸ್ಕ್ಯಾನ್, ಇಸಿಜಿ ಎಲ್ಲ ಮಾಡಿಸಿ ಏನೂ ಇಲ್ಲ ಅಂತ ಹೇಳಿಸಿಕೊಂಡು ಬಂದಿರುತ್ತಾರೆ. ಏನೂ ಇಲ್ಲ ಅಂತ ನೀವೂ ಹೇಳಬೇಡಿ, ನೋವು ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ಕಾಯಿಲೆಗಳ ಪಟ್ಟಿಯಲ್ಲಿ ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿಯುವ ಕಾಯಿಲೆ) ಮೂರು ಮುಖ್ಯ ಗುರುತುಗಳಿವೆ. ಘಟನೆ ಈಗ ಮತ್ತೆ ನಡೆಯುತ್ತಿದೆ ಅನ್ನುವ ಹಾಗೆ ಅನುಭವಕ್ಕೆ ಬರುವುದು, ಅದಕ್ಕೇ ಫ್ಲ್ಯಾಶ್‌ಬ್ಯಾಕ್ ಅನ್ನುವುದು. ಅದನ್ನು ನೆನಪಿಸುವ ಜಾಗ, ಜನ, ಯೋಚನೆ ತಪ್ಪಿಸುವುದು. ಅಪಾಯ ಈಗಲೂ ಇದೆ ಅನ್ನುವ ಹಾಗೆ ಸದಾ ಎಚ್ಚರದಲ್ಲಿರುವುದು. ವರ್ಷಗಟ್ಟಲೆ ಹಿಂಸೆ ಅನುಭವಿಸಿದವರಲ್ಲಿ ಇದರ ಜೊತೆಗೆ ತನ್ನ ಬಗ್ಗೆಯೇ ಅಸಹ್ಯ, ಕೋಪ ಹಿಡಿತಕ್ಕೆ ಸಿಗದಿರುವುದು, ಯಾರ ಹತ್ತಿರವೂ ಸೇರಲಾಗದಿರುವುದು ಕಂಡರೆ ಅದಕ್ಕೆ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಬೇರೆ ಹೆಸರಿದೆ. ಇವು ನಿಮಗೆ ಗೊತ್ತಿರಲಿ. ಹೆಸರು ಇಡುವ ಕೆಲಸ ಮನೋವೈದ್ಯರದ್ದು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್‌ರದ್ದು.

ಕ್ಲೈಂಟ್‌ಗೆ ಇದನ್ನು ವಿವರಿಸುವುದಕ್ಕೆ ನಾನು ನಾಯಿಯ ಉದಾಹರಣೆ ಕೊಡುತ್ತೇನೆ. ಮನೆಗೆ ಒಂದು ಸಲ ಕಳ್ಳ ನುಗ್ಗಿದ ಮೇಲೆ ನಾಯಿ ಹಾಲಿನವನಿಗೂ ಬೊಗಳುತ್ತದೆ, ಪೋಸ್ಟ್‌ಮ್ಯಾನ್‌ಗೂ ಬೊಗಳುತ್ತದೆ, ಎಲೆ ಬಿದ್ದರೂ ಬೊಗಳುತ್ತದೆ. ನಾಯಿಗೆ ಹುಚ್ಚು ಹಿಡಿದಿಲ್ಲ, ಅದು ಮನೆ ಕಾಯುತ್ತಿದೆ. ನಿಮ್ಮ ಮೈಯೂ ಹಾಗೇ. ಹೊಡೆದು ಸುಮ್ಮನಾಗಿಸಲು ಆಗುವುದಿಲ್ಲ, ಈಗ ಕಳ್ಳ ಇಲ್ಲ ಅಂತ ಮೆಲ್ಲಗೆ ಗೊತ್ತು ಮಾಡಿಸಬೇಕು. ಹೀಗಂದಾಗ ‘ಹಾಗಾದ್ರೆ ನನಗೆ ಹುಚ್ಚಲ್ಲ ಅಲ್ವಾ?’ ಅಂತ ಕೇಳುವವರಿದ್ದಾರೆ. ಆ ಒಂದು ಪ್ರಶ್ನೆಯನ್ನು ಅವರು ವರ್ಷಗಳಿಂದ ಇಟ್ಟುಕೊಂಡಿರುತ್ತಾರೆ.

ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿಕೊಂಡು ಬಂದಿದ್ದರೆ ನಗಬೇಡಿ, ಬಿಚ್ಚಿಸಬೇಡಿ. ಅದರಿಂದ ಏನು ಸಮಾಧಾನ ಸಿಕ್ಕಿತು ಕೇಳಿ. ಹೊಡೆಯುವುದು, ಉಪವಾಸ ಕೆಡವುವುದು, ಮಾತ್ರೆ ನಿಲ್ಲಿಸುವುದು ನಡೆದಿದ್ದರೆ ಮಾತ್ರ ಅಲ್ಲಿ ಮಾತಾಡಿ.

6. ಗ್ರೌಂಡಿಂಗ್: ನೆನಪಿನಿಂದ ಈ ನೆಲಕ್ಕೆ ಕರೆತರುವುದು

ಗ್ರೌಂಡಿಂಗ್ ಅಂದರೆ ಮನಸ್ಸು ಹಳೆಯ ಘಟನೆಗೆ ಜಾರಿದಾಗ ಕಣ್ಣು, ಕಿವಿ, ಕೈಕಾಲುಗಳ ಮೂಲಕ ಈ ಹೊತ್ತಿಗೆ ವಾಪಸ್ ತರುವ ಉಪಾಯ. ಹಳೆಯದನ್ನು ಕೆದಕುವ ಶಬ್ದ, ವಾಸನೆ, ದೃಶ್ಯಕ್ಕೆ ಟ್ರಿಗರ್ ಅನ್ನುತ್ತೇವೆ.

ಎರಡು ಥರ ನೋಡುತ್ತೀರಿ. ಕೆಲವರು ಉಕ್ಕುತ್ತಾರೆ: ಉಸಿರು ಮೇಲಕ್ಕೆ, ಕೈ ನಡುಗುತ್ತದೆ, ಮಾತು ವೇಗ. ಕೆಲವರು ಆರಿಹೋಗುತ್ತಾರೆ: ಕಣ್ಣು ಒಂದೇ ಕಡೆ, ಮುಖದಲ್ಲಿ ಏನೂ ಇಲ್ಲ, ಕರೆದರೆ ಕೇಳಿಸುವುದಿಲ್ಲ. ಇದಕ್ಕೆ ಡಿಸೋಸಿಯೇಷನ್ ಅನ್ನುತ್ತಾರೆ, ಮೈ ಇಲ್ಲಿ, ಮನಸ್ಸು ಬೇರೆಲ್ಲೋ. ಟ್ರೇನಿಗಳು ಉಕ್ಕುವವರನ್ನು ಗಮನಿಸುತ್ತಾರೆ, ಆರಿಹೋದವರನ್ನು ‘ಪಾಪ, ಶಾಂತವಾಗಿದ್ದಾರೆ’ ಅಂದುಕೊಂಡು ಬಿಡುತ್ತಾರೆ.

ಒಂದು ಸನ್ನಿವೇಶ ಹತ್ತಿರದಿಂದ ನೋಡೋಣ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆ ಕಳೆದುಕೊಂಡು, ಈಗ ಮೈಸೂರಿನಲ್ಲಿರುವ ಮಹಿಳೆ ಅಂತ ಇಟ್ಟುಕೊಳ್ಳಿ. ಮಗನ ಶಾಲೆ ಫೀಸಿನ ಬಗ್ಗೆ ಮಾತಾಡುತ್ತಿದ್ದಾರೆ. ಹೊರಗೆ ಪಾರ್ಕಿಂಗಿನ ಶೀಟಿನ ಮೇಲೆ ಮಳೆ ಶುರುವಾಯಿತು. ವಾಕ್ಯ ಅರ್ಧಕ್ಕೆ ನಿಂತಿತು. ಸೆರಗಿನ ಅಂಚನ್ನು ಹೆಬ್ಬೆರಳಲ್ಲಿ ತಿಕ್ಕುತ್ತಿದ್ದವರ ಬೆರಳೂ ನಿಂತಿತು. ಕಣ್ಣು ಕಿಟಕಿಯ ಮೂಲೆಯಲ್ಲಿ.

ಆಗ ಮುಟ್ಟಬೇಡಿ, ಭುಜ ಅಲ್ಲಾಡಿಸಬೇಡಿ. ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಅವರ ಹೆಸರು ಹೇಳಿ ಕರೆಯಿರಿ. ‘ನಾನು ಇಲ್ಲೇ ಇದ್ದೇನೆ. ಇದು ಮೈಸೂರು. ಇವತ್ತು ಮಂಗಳವಾರ. ಹೊರಗೆ ಮಳೆ ಬರುತ್ತಿದೆ, ಅದು ಶೀಟಿನ ಸದ್ದು. ಎರಡೂ ಪಾದ ನೆಲಕ್ಕೆ ಒತ್ತಿ, ನಾನೂ ಒತ್ತುತ್ತೇನೆ.’ ಉತ್ತರ ಬರದಿದ್ದರೂ ಮುಂದುವರಿಸಿ. ‘ಈ ಕೋಣೆಯಲ್ಲಿ ನೀಲಿ ಬಣ್ಣದ್ದು ಏನಿದೆ ತೋರಿಸಿ.’ ಕಣ್ಣು ಕದಲಿದರೆ ಅರ್ಧ ಕೆಲಸ ಆಯಿತು. ಆಮೇಲೆ ಕಾಣುವ ಐದು, ಮುಟ್ಟುವ ನಾಲ್ಕು, ಕೇಳಿಸುವ ಮೂರು, ವಾಸನೆ ಎರಡು, ರುಚಿ ಒಂದು, ಹೀಗೆ ಎಣಿಸಿ. ತಣ್ಣೀರಿನ ಲೋಟ ಕೈಗೆ ಕೊಡಿ. ವಾಪಸ್ ಬಂದ ಮೇಲೆ ‘ಎಲ್ಲಿಗೆ ಹೋಗಿದ್ರಿ?’ ಅಂತ ಕೇಳಿ ಮತ್ತೆ ಅಲ್ಲಿಗೇ ಕಳಿಸಬೇಡಿ. ‘ಈಗ ಹೇಗಿದೆ? ಯಾವುದು ಸಹಾಯ ಮಾಡಿತು?’ ಅಂತ ಕೇಳಿ, ಆ ಒಂದನ್ನು ಬರೆದುಕೊಡಿ. ಜೂನ್ ಬರುವ ಮೊದಲೇ ಮಳೆಗಾಲಕ್ಕೆ ತಯಾರಿ ಮಾಡುವುದೂ ಇಂಥವರ ಜೊತೆಗಿನ ಕೆಲಸ.

ಎಚ್ಚರಿಕೆಗಳು ಕೆಲವು. ‘ಕಣ್ಣು ಮುಚ್ಚಿ, ದೀರ್ಘ ಉಸಿರು ತೆಗೆದುಕೊಳ್ಳಿ’ ಎಲ್ಲರಿಗೂ ಆಗಿಬರುವುದಿಲ್ಲ. ಕಣ್ಣು ಮುಚ್ಚಿದರೆ ಕೆಲವರಿಗೆ ಅದೇ ದೃಶ್ಯ, ಕುತ್ತಿಗೆ ಹಿಸುಕಿಸಿಕೊಂಡವರಿಗೆ ಉಸಿರಿನ ಕಡೆ ಗಮನ ಕೊಡುವುದೇ ಟ್ರಿಗರ್. ಕಣ್ಣು ತೆರೆದಿರಲಿ. ಏಲಕ್ಕಿ, ನಿಂಬೆಹಣ್ಣು, ಕಾಫಿಪುಡಿ ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಮೊದಲು ಕೇಳಿ. ಮಲ್ಲಿಗೆ ನಿಮಗೆ ಹಿತ ಇರಬಹುದು, ಅವರಿಗೆ ಆ ರಾತ್ರಿಯ ವಾಸನೆ ಆಗಿರಬಹುದು. ಮತ್ತು ಇದನ್ನೆಲ್ಲ ಅವರು ಆರಾಮಾಗಿರುವ ದಿನವೇ ಕಲಿಸಿ. ಈಜು ಕಲಿಸುವುದು ಹೊಳೆಗೆ ಬಿದ್ದ ಮೇಲಲ್ಲ ತಾನೇ.

7. ಬಾಯಿಗೆ ಬರುವ ಕೆಲವು ಮಾತು ತಡೆಯಿರಿ

‘ಆಗಿದ್ದು ಆಗಿಹೋಯ್ತು’, ‘ಮರೆತುಬಿಡಿ’, ‘ಹಣೆಬರಹ’, ‘ನಿಮಗಿಂತ ಕಷ್ಟದಲ್ಲಿ ಇರೋರು ಇದ್ದಾರೆ’, ‘ಮಕ್ಕಳ ಮುಖ ನೋಡಿ ಧೈರ್ಯ ತಗೊಳ್ಳಿ’. ಇವನ್ನು ನಾವು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇವೆ, ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಕ್ಲೈಂಟ್ ಇವನ್ನು ಊರೆಲ್ಲ ಕೇಳಿಯೇ ನಿಮ್ಮ ಹತ್ತಿರ ಬಂದಿರುವುದು. ಎಲ್ಲಕ್ಕಿಂತ ಕೆಟ್ಟದ್ದು ‘ಯಾಕೆ’ಯಿಂದ ಶುರುವಾಗುವ ಪ್ರಶ್ನೆ. ಯಾಕೆ ಕೂಗಲಿಲ್ಲ, ಯಾಕೆ ಆಗಲೇ ಹೇಳಲಿಲ್ಲ, ಯಾಕೆ ಅಲ್ಲಿಗೆ ಹೋದಿರಿ. ಅಪಾಯದಲ್ಲಿ ಮೈ ಎದುರು ಬೀಳಬಹುದು, ಓಡಬಹುದು, ಕಲ್ಲಿನ ಹಾಗೆ ಮರಗಟ್ಟಿಯೂ ಹೋಗಬಹುದು, ಅದು ಅವರು ಯೋಚಿಸಿ ಮಾಡಿದ ಆಯ್ಕೆ ಅಲ್ಲ. ‘ಆಗ ನಿಮ್ಮ ಮೈ ನಿಮ್ಮನ್ನು ಉಳಿಸುವುದಕ್ಕೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು’ ಅಂತ ಹೇಳಿ.

ಏನೂ ತೋಚದಿದ್ದರೆ ಸುಮ್ನೆ ಕೂತಿರಿ. ಅಳುವಾಗ ತಕ್ಷಣ ಟಿಶ್ಯೂ ಚಾಚಬೇಡಿ, ಕೈಗೆ ಸಿಗುವ ಹಾಗೆ ಇಡಿ ಸಾಕು. ಚಾಚಿದರೆ ‘ಅಳು ನಿಲ್ಲಿಸಿ’ ಅಂದ ಹಾಗೆ ಕೆಲವರಿಗೆ ಕೇಳಿಸುತ್ತದೆ.

8. ಸೆಷನ್ ಮುಚ್ಚುವುದಕ್ಕೆ ಹತ್ತು ನಿಮಿಷ ಎತ್ತಿಡಿ

ಮುಗಿಯಲು ಹತ್ತು ನಿಮಿಷ ಇರುವಾಗ ಹೊಸ ವಿಷಯ ತೆಗೆಯಬೇಡಿ. ‘ಇನ್ನು ಹತ್ತು ನಿಮಿಷ ಇದೆ, ಈಗ ನಿಧಾನಕ್ಕೆ ಮುಗಿಸೋಣ’ ಅನ್ನಿ. ಇಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಬಸ್ಸಾ ಆಟೋನಾ, ಊಟ ಆಯ್ತಾ, ರಾತ್ರಿ ಮನೆಯಲ್ಲಿ ಯಾರಿರುತ್ತಾರೆ. ಈ ಸಣ್ಣ ಪ್ರಶ್ನೆಗಳೇ ಅವರನ್ನು ಬೀದಿಗೆ ಇಳಿಯುವಷ್ಟು ಗಟ್ಟಿ ಮಾಡುವುದು. ಕೆಲವರು ಎದ್ದು, ಚಪ್ಪಲಿ ಹಾಕಿಕೊಳ್ಳುತ್ತಾ ಎಲ್ಲಕ್ಕಿಂತ ದೊಡ್ಡ ಮಾತು ಹೇಳುತ್ತಾರೆ. ಅದನ್ನು ಅಲ್ಲೇ ಬಿಚ್ಚಬೇಡಿ. ‘ಹೇಳಿದ್ದು ಒಳ್ಳೆಯದಾಯ್ತು. ಮುಂದಿನ ವಾರ ಇದರಿಂದಲೇ ಶುರು ಮಾಡೋಣ’ ಅಂದು, ಜೀವಕ್ಕೆ ಅಪಾಯದ ಮಾತಾದರೆ ಮಾತ್ರ ವಾಪಸ್ ಕೂರಿಸಿ.

9. ಟಿಪ್ಪಣಿ, ಸೂಪರ್‌ವಿಷನ್

ಟಿಪ್ಪಣಿಯಲ್ಲಿ ಹಿಂಸೆಯ ವಿವರ ಬೇಡ. ದಿನಾಂಕ, ಅಪಾಯದ ಬಗ್ಗೆ ಏನು ಕೇಳಿದಿರಿ, ಏನು ಮಾಡಿದಿರಿ, ಮುಂದಿನ ಯೋಜನೆ. ಬೀಗ ಇರುವ ಕಪಾಟು. ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ‘ಇವತ್ತು ಒಂದು ಕೇಸ್ ಬಂದಿತ್ತು’ ಅಂತ ಬರೆಯಬೇಡಿ, ಹೆಸರು ಇಲ್ಲದಿದ್ದರೂ ಬೇಡ. ಸಣ್ಣ ಊರಿನಲ್ಲಿ ವೃತ್ತಿ, ವಯಸ್ಸು ಸೇರಿಸಿದರೆ ಯಾರು ಅಂತ ಗೊತ್ತಾಗುತ್ತದೆ.

ಸೂಪರ್‌ವಿಷನ್‌ಗೆ ಚೆನ್ನಾಗಿ ಆದದ್ದನ್ನು ಮಾತ್ರ ಒಯ್ಯಬೇಡಿ. ಎಲ್ಲಿ ಎದ್ದು ಓಡಬೇಕು ಅನಿಸಿತು, ಎಲ್ಲಿ ಅವರನ್ನು ಮನೆಗೆ ಕರೆದುಕೊಂಡು ಹೋಗಿಬಿಡಬೇಕು ಅನಿಸಿತು, ಎಲ್ಲಿ ಕೋಪ ಬಂತು, ಅದನ್ನು ಒಯ್ಯಿರಿ. ಅವರ ದೃಶ್ಯ ನಿಮ್ಮ ಕನಸಿಗೆ ಬರುವುದು, ರಸ್ತೆಯಲ್ಲಿ ನೀವೂ ಹಿಂದೆ ತಿರುಗಿ ನೋಡುವುದು ಶುರುವಾದರೆ ಅದಕ್ಕೆ ವಿಕೇರಿಯಸ್ ಟ್ರಾಮಾ ಅನ್ನುತ್ತಾರೆ, ಬೇರೆಯವರ ಆಘಾತ ಕೇಳಿ ಕೇಳಿ ನಮಗೂ ತಗಲುವುದು. ನಿಮ್ಮದೇ ಹಳೆಯ ಗಾಯ ಎದ್ದು ಬಂದರೂ ಹೇಳಿ. ನಿಮಗೂ ಒಬ್ಬ ಥೆರಪಿಸ್ಟ್ ಇರುವುದು ಒಳ್ಳೆಯದು. ದಿನಕ್ಕೆ ಇಂಥ ಕೇಸ್ ಒಂದರ ಮೇಲೊಂದು ಹಾಕಿಸಿಕೊಳ್ಳಬೇಡಿ.

10. ಯಾವಾಗ ಬೇರೆಯವರ ಕೈಗೆ ಕೊಡಬೇಕು

ಸಾಯುವ ಯೋಜನೆ ಇದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಪದೇ ಪದೇ ಗಂಟೆಗಟ್ಟಲೆ ಮನಸ್ಸು ಕಳೆದುಹೋಗುತ್ತಿದ್ದರೆ, ಕುಡಿತ ಬಿಟ್ಟಾಗ ನಡುಕ ಫಿಟ್ಸ್ ಬರುತ್ತಿದ್ದರೆ, ವಾರಗಟ್ಟಲೆ ನಿದ್ದೆ ಊಟ ಇಲ್ಲದಿದ್ದರೆ ಮನೋವೈದ್ಯರು ನೋಡಲೇಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆದರೆ ಎಲ್ಲರನ್ನೂ ಅಲ್ಲಿಗೇ ಕಳಿಸಬೇಕಿಲ್ಲ, ಬೀದರ್‌ನಿಂದ ಬಂದು ಹೋಗುವುದು ಅವರಿಗೆ ಎರಡು ದಿನದ ಕೂಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲೇ ಸೇವೆ ಸಿಗುತ್ತದೆ. 1996ರಲ್ಲಿ ದೇಶದಲ್ಲಿ ಶುರುವಾದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಕೆಲಸವೇ.

ನೆನಪಿನ ಜೊತೆ ನೇರವಾಗಿ ಕೆಲಸ ಮಾಡುವ ಚಿಕಿತ್ಸೆಗಳೂ ಇವೆ. ಆಘಾತಕ್ಕೆ ಹೊಂದಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆ), ಇಎಂಡಿಆರ್ (ನೆನಪನ್ನು ಹಿಡಿದಿಟ್ಟುಕೊಂಡೇ ಕಣ್ಣು ಅತ್ತಿತ್ತ ಚಲಿಸುವ ವಿಧಾನ). ಇವು ಕೆಲಸ ಮಾಡುತ್ತವೆ. ವಿಡಿಯೋ ನೋಡಿ ಕಲಿತು ಮಾಡಬೇಡಿ.

ಕಳಿಸುವಾಗ ‘ನನ್ನಿಂದ ಆಗಲ್ಲ’ ಅನ್ನುವ ದನಿ ಬರಬಾರದು. ‘ನಿಮಗೆ ಇನ್ನೊಂದು ಸಹಾಯವೂ ಬೇಕು, ಅದು ಅವರ ಹತ್ತಿರ ಇದೆ. ಮೊದಲ ಸಲ ಹೋಗಿ ಬಂದು ನನಗೆ ಹೇಳಿ.’

11. ಮುಗಿಸುವುದು

ಪ್ಲೇಸ್‌ಮೆಂಟ್ ಮುಗಿದ ದಿನ ‘ಮುಂದಿನ ವಾರದಿಂದ ನಾನು ಬರಲ್ಲ’ ಅಂತ ಹೇಳಿ ಹೊರಡುವವರನ್ನು ನೋಡಿದ್ದೇನೆ. ನಂಬಿದವರು ಹೇಳದೆ ಕೇಳದೆ ಬಿಟ್ಟುಹೋಗುವುದೇ ಎಷ್ಟೋ ಕ್ಲೈಂಟ್‌ಗಳ ಗಾಯ. ಅದನ್ನೇ ನಾವು ಮತ್ತೊಮ್ಮೆ ಮಾಡುತ್ತೇವೆ. ಅದಕ್ಕೇ ಮೊದಲ ದಿನವೇ ತಿಂಗಳು ಹೇಳಿ ಅಂದದ್ದು. ಕೊನೆಗೆ ಆರು ವಾರ ಇರುವಾಗ ಮತ್ತೆ ಹೇಳಿ, ನಾಲ್ಕು ಇರುವಾಗ ಹೇಳಿ, ಎರಡು ಇರುವಾಗ ಹೇಳಿ. ಕೆಲವರು ಕೋಪ ಮಾಡಿಕೊಳ್ಳುತ್ತಾರೆ, ಕೆಲವರು ಒಂದು ವಾರ ತಪ್ಪಿಸುತ್ತಾರೆ. ಫೋನ್ ಮಾಡಿ ಕರೆಸಿ, ಆ ಕೋಪಕ್ಕೂ ಕೋಣೆಯಲ್ಲಿ ಜಾಗ ಕೊಡಿ. ನಿಮ್ಮ ಸ್ವಂತ ನಂಬರ್ ಕೊಟ್ಟು ‘ಯಾವಾಗ ಬೇಕಾದ್ರೂ ಮಾಡಿ’ ಅನ್ನಬೇಡಿ, ರಾತ್ರಿ ಎರಡಕ್ಕೆ ಬಂದ ಕರೆ ನೀವು ಎತ್ತದಿದ್ದರೆ ಅದು ಅವರಿಗೆ ಇನ್ನೊಂದು ಸಲ ಬಿಟ್ಟುಹೋದ ಹಾಗೆ.

ಮುಂದೆ ಅವರನ್ನು ನೋಡುವವರಿಗೆ ಬರೆಯುವ ಪತ್ರವನ್ನು ಕಳಿಸುವ ಮೊದಲು ಕ್ಲೈಂಟ್‌ಗೆ ಕನ್ನಡದಲ್ಲಿ ಓದಿ ಹೇಳಿ. ‘ಈ ಸಾಲು ಬೇಡ’ ಅಂದರೆ ತೆಗೆಯಿರಿ. ‘ನಾನು ಈಗ ಬಸ್ಸಲ್ಲಿ ಒಬ್ಬಳೇ ಬರ್ತೀನಿ ಅಂತ ಬರೀರಿ’ ಅಂದರೆ ಬರೆಯಿರಿ. ಸಾಧ್ಯವಾದರೆ ಕೊನೆಯ ಸೆಷನ್ನಿನಲ್ಲಿ ಹದಿನೈದು ನಿಮಿಷ ಹೊಸಬರನ್ನೂ ಕರೆದು ಮೂವರೂ ಒಟ್ಟಿಗೆ ಕೂರಿ, ಮುಂದಿನ ಭೇಟಿಯ ದಿನಾಂಕ ಚೀಟಿಯಲ್ಲಿ ಬರೆದು 14416ರ ನಂಬರ್ ಇರುವ ಹಾಳೆಯ ಜೊತೆ ಅವರ ಕೈಗೆ ಕೊಡಿ.